ಕಲ್ಲಟ್ಟಿಯ ತಿರುವಿನಲ್ಲಿ ನಮ್ಮ ಕಾರು: ಕೈಗೆಟುಕುವ ವಿಮೆಯನ್ನು ಆರಿಸುವ ಬಗೆ

ಉದಕಮಂಡಲದಿಂದ ಮಸಿನಗುಡಿಗೆ ಎರಡು ದಾರಿಗಳಿವೆ. ಗೂಡಲೂರನ್ನು ಬಳಸಿ ಬರುವ ದಾರಿ ದೂರದ್ದು, ಆದರೆ ಇಳಿಜಾರು ಸೌಮ್ಯ. ಕಲ್ಲಟ್ಟಿಯ ಮೂಲಕ ಸೀಗೂರಿನ ಕಡೆಗೆ ಇಳಿಯುವ ದಾರಿ ಅದರ ಅರ್ಧದಷ್ಟೇ. ಆದರೆ ಆ ಅರ್ಧದಲ್ಲಿ ಮೂವತ್ತಾರು ಹೇರ್‌ಪಿನ್ ತಿರುವುಗಳಿವೆ. ಹೊರ ಊರಿನ ಪ್ರವಾಸಿ ವಾಹನಗಳು ಈ ದಾರಿಯಲ್ಲಿ ಕೆಳಗಿಳಿಯದಂತೆ ನಿರ್ಬಂಧವಿದೆ. ಟಿಎನ್ 43 ಸಂಖ್ಯೆಯ ಸ್ಥಳೀಯ ವಾಹನಗಳಿಗೆ ಅನುಮತಿಯಿದೆ. ಎಂದರೆ, ಈ ಇಳಿಜಾರಿನ ಅಪಾಯವನ್ನು ದಿನವೂ ಹೊರುವವರು ಇಲ್ಲಿಯ ನಿವಾಸಿಗಳೇ. ಸಂತೆಗೆ, ಆಸ್ಪತ್ರೆಗೆ, ಮಕ್ಕಳ ಶಾಲೆಗೆ ಹೋಗಿಬರುವ ಕುಟುಂಬಗಳು ಅವು.

ಪಾಲಕರ ಸಭೆಯೊಂದರ ಕೊನೆಯಲ್ಲಿ ನಾವು ಕೆಲವರ ಕಾರಿನ ವಿಮಾ ಪತ್ರಗಳನ್ನು ಒಟ್ಟಿಗೆ ಕುಳಿತು ಓದಿದೆವು. ‘ಇನ್ಶೂರೆನ್ಸ್ ಇದೆ ಮೇಷ್ಟ್ರೇ’ ಎಂದವರಲ್ಲಿ ಹಲವರಿಗೆ ತಮ್ಮ ಪಾಲಿಸಿ ಯಾವ ಬಗೆಯದು ಎಂಬುದು ತಿಳಿದಿರಲಿಲ್ಲ. ಪತ್ರ ಇಂಗ್ಲಿಷಿನಲ್ಲಿತ್ತು, ವಿವರಿಸಿದ ಏಜೆಂಟರು ತಮಿಳಿನಲ್ಲಿ ಮಾತನಾಡಿದ್ದರು, ಸಹಿ ಮಾತ್ರ ಕನ್ನಡದಲ್ಲಿ ಬಿದ್ದಿತ್ತು. ಒಬ್ಬ ತಂದೆ ತಮ್ಮ ಮಕ್ಕಳೊಂದಿಗೆ ನೆರೆಮನೆಯ ಮೂವರು ಮಕ್ಕಳನ್ನೂ ನಿತ್ಯ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಅವರ ಪಾಲಿಸಿಯಲ್ಲಿ ಕಾರಿನೊಳಗೆ ಕುಳಿತ ಯಾವ ಮಗುವಿಗೂ ರಕ್ಷಣೆಯಿರಲಿಲ್ಲ. ಅವರು ಕೆಟ್ಟ ಉದ್ದೇಶದಿಂದಾಗಲಿ ಜಿಪುಣತನದಿಂದಾಗಲಿ ಹಾಗೆ ಮಾಡಿದವರಲ್ಲ. ಯಾರೂ ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿರಲಿಲ್ಲ, ಅಷ್ಟೆ. ಈ ಲೇಖನ ಆ ಕೊರತೆಯನ್ನು ತುಂಬುವ ಪ್ರಯತ್ನ. ನೀಲಗಿರಿಯನ್ನು ಮುಂದಿಟ್ಟುಕೊಂಡು ಬರೆದಿದ್ದರೂ ತಾಳವಾಡಿ, ಹೊಸೂರು, ಕಾಸರಗೋಡು ಮೊದಲಾದ ಎಲ್ಲ ಗಡಿನಾಡಿನ ಕನ್ನಡ ಕುಟುಂಬಗಳಿಗೂ ಇದರ ಬಹುಭಾಗ ಅನ್ವಯಿಸುತ್ತದೆ.

ಕಾನೂನು ಕೇಳುವುದೇನು?

1988ರ ಮೋಟಾರು ವಾಹನ ಕಾಯಿದೆಯ 146ನೆಯ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿಯೊಂದು ವಾಹನಕ್ಕೂ ‘ಥರ್ಡ್ ಪಾರ್ಟಿ’ ವಿಮೆ, ಎಂದರೆ ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ವಿಮೆ, ಕಡ್ಡಾಯ. ಮೊದಲನೆಯ ವ್ಯಕ್ತಿ ವಾಹನದ ಮಾಲೀಕ, ಎರಡನೆಯವರು ವಿಮಾ ಕಂಪನಿ. ಇವರಿಬ್ಬರ ಹೊರತಾಗಿ ನಮ್ಮ ವಾಹನದಿಂದ ಪೆಟ್ಟು ತಿಂದ ದಾರಿಹೋಕ, ಎದುರಿನ ಬೈಕ್ ಸವಾರ, ಬೇರೆ ಕಾರಿನಲ್ಲಿದ್ದವರು ಮೂರನೆಯ ವ್ಯಕ್ತಿಗಳು. 2019ರ ತಿದ್ದುಪಡಿಯ ನಂತರ ವಿಮೆಯಿಲ್ಲದೆ ವಾಹನ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ; ಮರುಕಳಿಸಿದರೆ ದಂಡ 4,000 ರೂಪಾಯಿ.

ದಂಡ ಇಲ್ಲಿ ದೊಡ್ಡ ಸಂಗತಿಯಲ್ಲ. ವಿಮೆಯಿಲ್ಲದ ಕಾರು ಒಬ್ಬ ದುಡಿಯುವ ಮನುಷ್ಯನ ಪ್ರಾಣಕ್ಕೆ ಎರವಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ವಿಧಿಸುವ ಪರಿಹಾರದ ಮೊತ್ತವನ್ನು ಮಾಲೀಕರು ಸ್ವಂತ ಕೈಯಿಂದ ಕೊಡಬೇಕಾಗುತ್ತದೆ. ಅದಕ್ಕೆ ಮನೆ ಮತ್ತು ತೋಟ ಮಾರಿದರೂ ಸಾಲದೆ ಹೋಗಬಹುದು.

ಪಾಲಿಸಿಯ ಮೂರು ಬಗೆಗಳು

ಮೊದಲನೆಯದು ಥರ್ಡ್ ಪಾರ್ಟಿ ಮಾತ್ರದ ಪಾಲಿಸಿ. ಕೆಲವು ಕಡೆ ಇದನ್ನು ‘ಆ್ಯಕ್ಟ್ ಪಾಲಿಸಿ’ ಎಂದೂ ಕರೆಯುತ್ತಾರೆ. ಕಾನೂನು ಬೇಡುವ ಕನಿಷ್ಠ ಇದು. ಇತರರ ಸಾವು ಮತ್ತು ಗಾಯಕ್ಕೆ ನ್ಯಾಯಮಂಡಳಿ ನಿಗದಿಪಡಿಸುವ ಪರಿಹಾರವನ್ನು ಮಿತಿಯಿಲ್ಲದೆ ಇದು ಭರಿಸುತ್ತದೆ. ಇತರರ ಸ್ವತ್ತಿಗಾದ ಹಾನಿಗೆ ಖಾಸಗಿ ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯವರೆಗೆ ಮಿತಿಯಿರುತ್ತದೆ. ನಮ್ಮ ಕಾರಿಗಾದ ಹಾನಿಗೆ ಒಂದು ಪೈಸೆಯೂ ಬರುವುದಿಲ್ಲ.

ಎರಡನೆಯದು ಸಮಗ್ರ ವಿಮೆ. ಪಾಲಿಸಿಯ ಮೇಲೆ ‘ಪ್ಯಾಕೇಜ್’ ಅಥವಾ ‘ಕಾಂಪ್ರಹೆನ್ಸಿವ್’ ಎಂದು ಇರುತ್ತದೆ. ಇದರಲ್ಲಿ ಥರ್ಡ್ ಪಾರ್ಟಿ ರಕ್ಷಣೆಯೊಂದಿಗೆ ನಮ್ಮ ಕಾರಿನ ಹಾನಿ, ಕಳವು, ಬೆಂಕಿ, ನೆರೆ, ಬಿರುಗಾಳಿ, ಗಲಭೆ, ಭೂಕುಸಿತ ಎಲ್ಲವೂ ಸೇರಿರುತ್ತವೆ.

ಮೂರನೆಯದು ಸ್ವಂತ ಹಾನಿ ಮಾತ್ರದ ಪಾಲಿಸಿ. ‘ಓಡಿ’ ಎಂಬ ಎರಡಕ್ಷರದಿಂದ ಇದನ್ನು ಗುರುತಿಸುತ್ತಾರೆ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರು ಕೊಳ್ಳುವಾಗ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಪಡೆಯಬೇಕು. ಹೊಸ ದ್ವಿಚಕ್ರ ವಾಹನಕ್ಕೆ ಇದು ಐದು ವರ್ಷ. ಸ್ವಂತ ಹಾನಿಯ ಭಾಗವನ್ನು ಮಾತ್ರ ವರ್ಷಕ್ಕೊಮ್ಮೆ ಪ್ರತ್ಯೇಕವಾಗಿ, ಬೇಕಾದರೆ ಬೇರೊಂದು ಕಂಪನಿಯಿಂದಲೂ ಪಡೆಯಬಹುದು. ಹೊಸ ಕಾರು ಕೊಂಡವರಲ್ಲಿ ಕೆಲವರು ‘ಮೂರು ವರ್ಷಕ್ಕೆ ಇನ್ಶೂರೆನ್ಸ್ ಕಟ್ಟಿದ್ದೇವೆ’ ಎಂದು ನೆಮ್ಮದಿಯಾಗಿರುತ್ತಾರೆ. ಮೂರು ವರ್ಷಕ್ಕೆ ಕಟ್ಟಿರುವುದು ಬಹುಮಟ್ಟಿಗೆ ಥರ್ಡ್ ಪಾರ್ಟಿ ಭಾಗವನ್ನು ಮಾತ್ರ. ಸ್ವಂತ ಹಾನಿಯ ಭಾಗ ಒಂದೇ ವರ್ಷಕ್ಕೆ ಮುಗಿದಿರುತ್ತದೆ. ಪಾಲಿಸಿಯಲ್ಲಿ ಎರಡು ಮುಕ್ತಾಯ ದಿನಾಂಕಗಳಿದ್ದರೆ ಎರಡನ್ನೂ ಓದಬೇಕು.

ಇವುಗಳ ಜೊತೆಗೆ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆಯೊಂದಿದೆ. ಅದರ ಮೊತ್ತ 15 ಲಕ್ಷ ರೂಪಾಯಿ. ಇದು ನೋಂದಾಯಿತ ಮಾಲೀಕರಿಗೆ, ಅದೂ ಅವರಲ್ಲಿ ಸಿಂಧುವಾದ ಚಾಲನಾ ಪರವಾನಗಿ ಇದ್ದರೆ ಮಾತ್ರ. ಕಾರು ತಾಯಿಯ ಹೆಸರಿನಲ್ಲಿದ್ದು ತಾಯಿಗೆ ಪರವಾನಗಿಯಿಲ್ಲ, ಓಡಿಸುವವರು ತಂದೆ ಎಂದಾದರೆ ತಂದೆಗೆ ಈ ಹಣ ದೊರೆಯದು. ಬೇರೆ ವಾಹನಕ್ಕಾಗಿಯೋ ಪ್ರತ್ಯೇಕವಾಗಿಯೋ 15 ಲಕ್ಷದ ಅಪಘಾತ ವಿಮೆ ಈಗಾಗಲೇ ಇದ್ದರೆ ಮತ್ತೆ ಕೊಳ್ಳಬೇಕಿಲ್ಲ. 2019ರ ಜನವರಿಯಿಂದ ಈ ಅನುಕೂಲವಿದೆ. ಮನೆಯಲ್ಲಿ ಒಂದು ಬೈಕು, ಒಂದು ಕಾರು ಒಬ್ಬರ ಹೆಸರಿನಲ್ಲೇ ಇದ್ದರೆ ಎರಡಕ್ಕೂ ಇದನ್ನು ಕಟ್ಟುವುದು ವ್ಯರ್ಥ.

ಕಾರಿನೊಳಗೆ ನೆರೆಮನೆಯ ಮಕ್ಕಳು

ಶಾಲಾ ಕುಟುಂಬಗಳು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಭಾಗ ಇದು. ಕನ್ನಡ ಮಾಧ್ಯಮದ ಶಾಲೆಗಳು ಗಡಿ ಜಿಲ್ಲೆಗಳಲ್ಲಿ ವಿರಳ. ಹತ್ತಿರದ ಶಾಲೆ ನಮ್ಮ ಭಾಷೆಯದಲ್ಲ, ನಮ್ಮ ಭಾಷೆಯ ಶಾಲೆ ಹತ್ತಿರದಲ್ಲಿಲ್ಲ. ಆದ್ದರಿಂದ ಕಾರಿರುವ ಒಬ್ಬರು ನಾಲ್ಕಾರು ಮನೆಯ ಮಕ್ಕಳನ್ನು ಕರೆದೊಯ್ಯುವುದು ವಾಡಿಕೆ. ಈ ವಾಡಿಕೆಯ ಹಿಂದಿರುವ ಸೌಜನ್ಯ ದೊಡ್ಡದು. ಅದರೊಂದಿಗೆ ಎರಡು ಕಾನೂನು ಸಂಗತಿಗಳೂ ಇವೆ.

ಒಂದು: ಥರ್ಡ್ ಪಾರ್ಟಿ ಮಾತ್ರದ ಪಾಲಿಸಿಯಿರುವ ಖಾಸಗಿ ಕಾರಿನೊಳಗೆ ಉಚಿತವಾಗಿ ಕುಳಿತು ಪ್ರಯಾಣಿಸುವವರಿಗೆ ಆ ಪಾಲಿಸಿಯ ರಕ್ಷಣೆ ಅನ್ವಯಿಸುವುದಿಲ್ಲ. ಸಮಗ್ರ ಪಾಲಿಸಿಯಲ್ಲಿ ಅನ್ವಯಿಸುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಇದನ್ನು ಕಂಪನಿಗಳಿಗೆ ಸ್ಪಷ್ಟಪಡಿಸಿತು. 2012ರಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪನಿ ಮತ್ತು ಬಾಲಕೃಷ್ಣನ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ‘ಆ್ಯಕ್ಟ್ ಪಾಲಿಸಿ’ಗೂ ‘ಸಮಗ್ರ ಪಾಲಿಸಿ’ಗೂ ಇರುವ ಈ ಭೇದವನ್ನೇ ಎತ್ತಿಹಿಡಿಯಿತು. ಆದ್ದರಿಂದ ಬೇರೆಯವರ ಮಕ್ಕಳನ್ನು ಕೂರಿಸಿಕೊಳ್ಳುವ ಕಾರಿಗೆ, ಅದು ಎಷ್ಟೇ ಹಳೆಯದಾಗಿರಲಿ, ಸಮಗ್ರ ಪಾಲಿಸಿಯನ್ನೇ ಪಡೆಯಬೇಕೆಂಬುದು ನಮ್ಮ ಖಚಿತವಾದ ಸಲಹೆ. ‘ಹಳೆಯ ಕಾರು, ಥರ್ಡ್ ಪಾರ್ಟಿ ಸಾಕು’ ಎಂಬ ಲೆಕ್ಕ ಕಾರಿನ ಬೆಲೆಯನ್ನು ಮಾತ್ರ ನೋಡುತ್ತದೆ, ಒಳಗೆ ಕುಳಿತವರನ್ನು ನೋಡುವುದಿಲ್ಲ. ಇದರ ಜೊತೆಗೆ ಹೆಸರು ನಮೂದಿಸದ ಪ್ರಯಾಣಿಕರಿಗೆ ತಲಾ 2 ಲಕ್ಷ ರೂಪಾಯಿಯವರೆಗೆ ವೈಯಕ್ತಿಕ ಅಪಘಾತ ರಕ್ಷಣೆಯನ್ನು ಸಣ್ಣ ಮೊತ್ತಕ್ಕೆ ಸೇರಿಸಿಕೊಳ್ಳಬಹುದು. ಕೇಳದಿದ್ದರೆ ಏಜೆಂಟರು ಇದನ್ನು ಹೇಳುವುದು ಅಪರೂಪ.

ಎರಡು: ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ತಲೆಗೆ ತಿಂಗಳಿಗಿಷ್ಟು ಎಂದು ಹಣ ಪಡೆದು ಮಕ್ಕಳನ್ನು ಸಾಗಿಸಿದರೆ ಅದು ಬಾಡಿಗೆಯ ಬಳಕೆ. ಆಗ ಸಮಗ್ರ ಪಾಲಿಸಿಯಿದ್ದರೂ ಕಂಪನಿ ಸ್ವಂತ ಹಾನಿಯ ಕ್ಲೈಮನ್ನು ತಿರಸ್ಕರಿಸಬಹುದು; ಮಕ್ಕಳಿಗೆ ಸಲ್ಲಬೇಕಾದ ಪರಿಹಾರದ ವಿಷಯದಲ್ಲೂ ತಕರಾರು ತೆಗೆಯಬಹುದು; ನ್ಯಾಯಮಂಡಳಿ ಕಂಪನಿಯಿಂದ ಹಣ ಕೊಡಿಸಿದರೂ ಅದನ್ನು ಮಾಲೀಕರಿಂದ ವಸೂಲು ಮಾಡಲು ಅವಕಾಶ ಕೊಡಬಹುದು. ನಿತ್ಯ ಹಣಕ್ಕೆ ಸಾಗಿಸುವವರು ಹಳದಿ ಬೋರ್ಡಿನ ಪರವಾನಗಿ ಮತ್ತು ವಾಣಿಜ್ಯ ವಾಹನದ ವಿಮೆ ಪಡೆಯಲೇಬೇಕು. ಮಕ್ಕಳನ್ನು ಕಳುಹಿಸುವ ಪಾಲಕರೂ ‘ಗಾಡಿಯ ಇನ್ಶೂರೆನ್ಸ್ ಯಾವುದು?’ ಎಂದು ಕೇಳಲು ಸಂಕೋಚಪಡಬಾರದು.

ಬೆಟ್ಟದ ನಾಡಿನ ಅಪಾಯಗಳು ಪಾಲಿಸಿಯಲ್ಲಿ ಎಲ್ಲಿವೆ?

2009ರ ನವೆಂಬರಿನ ಭೂಕುಸಿತಗಳನ್ನು ನೀಲಗಿರಿ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ 82 ಸೆಂಟಿಮೀಟರ್ ಮಳೆ ಸುರಿಯಿತು. ಸಮಗ್ರ ಪಾಲಿಸಿಯ ಸ್ವಂತ ಹಾನಿಯ ಪಟ್ಟಿಯಲ್ಲಿ ಭೂಕುಸಿತ, ಬಂಡೆ ಉರುಳುವಿಕೆ, ಪ್ರವಾಹ, ಬಿರುಗಾಳಿ, ಆಲಿಕಲ್ಲು, ಹಿಮ ಎಲ್ಲವೂ ಸ್ಪಷ್ಟವಾಗಿ ನಮೂದಾಗಿವೆ. ನಿಲ್ಲಿಸಿದ ಕಾರಿನ ಮೇಲೆ ಮಣ್ಣು ಕುಸಿದರೂ ಮರ ಬಿದ್ದರೂ ಕ್ಲೈಮಿಗೆ ಅರ್ಹ.

ಕಾಡುಪ್ರಾಣಿಗಳ ಮಾತು. ಮಸಿನಗುಡಿ, ತೆಪ್ಪಕ್ಕಾಡು, ಬಂಡೀಪುರದ ದಾರಿಯಲ್ಲಿ ಆನೆ, ಕಾಟಿ, ಜಿಂಕೆಗಳು ರಸ್ತೆಗೆ ಬರುವುದು ಸಹಜ. ಕಾಡುಪ್ರಾಣಿ ಕಾರನ್ನು ತಿವಿದರೆ ಅಥವಾ ಅಡ್ಡಬಂದು ಡಿಕ್ಕಿಯಾದರೆ ಅದು ಹೊರಗಿನಿಂದ ಆಕಸ್ಮಿಕವಾಗಿ ಉಂಟಾದ ಹಾನಿಯೆಂಬ ಶೀರ್ಷಿಕೆಯಡಿ ಸಮಗ್ರ ಪಾಲಿಸಿಯಲ್ಲಿ ಬರುತ್ತದೆ. ಥರ್ಡ್ ಪಾರ್ಟಿ ಮಾತ್ರದ ಪಾಲಿಸಿಯಲ್ಲಿ ಬರುವುದಿಲ್ಲ. ಇಂಥ ಸಂದರ್ಭದಲ್ಲಿ ಪೊಲೀಸರಿಗೂ ಅರಣ್ಯ ಇಲಾಖೆಗೂ ತಿಳಿಸಿ ಲಿಖಿತ ದಾಖಲೆ ಪಡೆದಿಟ್ಟುಕೊಂಡರೆ ಮುಂದೆ ಪುರಾವೆಯ ತೊಡಕು ಇರುವುದಿಲ್ಲ.

ಬ್ರೇಕಿನ ಮಾತು. ಕಲ್ಲಟ್ಟಿಯಂಥ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಮೊದಲ ಅಥವಾ ಎರಡನೆಯ ಗೇರಿನಲ್ಲಿ ಇಳಿಯಬೇಕೆಂದು ಹೇಳುವುದು. ಸವೆದ ಬ್ರೇಕು, ಸುಟ್ಟ ಕ್ಲಚ್ಚು, ಯಂತ್ರದ ದೋಷ ಇವುಗಳ ದುರಸ್ತಿ ಯಾವ ಪಾಲಿಸಿಯಲ್ಲೂ ಬಾರದು. ಅದು ವಾಹನದ ಪಾಲನೆಯ ಖರ್ಚು. ಮದ್ಯ ಸೇವಿಸಿ ಓಡಿಸಿದಾಗ, ಪರವಾನಗಿಯಿಲ್ಲದವರು ಓಡಿಸಿದಾಗ ಆದ ಸ್ವಂತ ಹಾನಿಗೂ ಹಣ ಬಾರದು. ಹತ್ತನೆಯ ತರಗತಿ ಮುಗಿಸಿದ ಮಗ ‘ಸ್ವಲ್ಪ ದೂರ ತಾನೇ’ ಎಂದು ಕಾರಿನ ಕೀಲಿ ಕೇಳಿದಾಗ ಈ ವಾಕ್ಯ ನೆನಪಿರಲಿ.

ನೀರಿನ ಮಾತು. ನೀರು ತುಂಬಿದ ರಸ್ತೆಯಲ್ಲಿ ಕಾರು ನಿಂತಾಗ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ಎಂಜಿನ್ನಿನೊಳಗೆ ನೀರು ಸೇರಿ ಕೆಡುತ್ತದೆ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಈ ಎಂಜಿನ್ ಹಾನಿಯನ್ನು ಕಂಪನಿಗಳು ಒಪ್ಪುವುದಿಲ್ಲ. ಅದಕ್ಕೆ ಪ್ರತ್ಯೇಕವಾದ ಎಂಜಿನ್ ರಕ್ಷಣೆಯ ಸೇರ್ಪಡೆ ಬೇಕು. ಅದಿಲ್ಲದವರು ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡದೆ ಎಳೆಸಿ ಗ್ಯಾರೇಜಿಗೆ ಒಯ್ಯುವುದೇ ಕ್ಷೇಮ.

ಪ್ರೀಮಿಯಂ ಹೇಗೆ ಕೂಡಿಬರುತ್ತದೆ?

ಥರ್ಡ್ ಪಾರ್ಟಿ ಭಾಗದ ದರವನ್ನು ಸರ್ಕಾರ ನಿಗದಿಪಡಿಸುತ್ತದೆ. ಎಲ್ಲ ಕಂಪನಿಗಳಲ್ಲೂ ಅದು ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಂತೆ ಖಾಸಗಿ ಕಾರಿಗೆ ವಾರ್ಷಿಕವಾಗಿ:

1000 ಸಿಸಿ ಮೀರದ ಎಂಜಿನ್ – 2,094 ರೂಪಾಯಿ
1000ದಿಂದ 1500 ಸಿಸಿ – 3,416 ರೂಪಾಯಿ
1500 ಸಿಸಿ ಮೀರಿದ್ದು – 7,897 ರೂಪಾಯಿ

ವಿದ್ಯುತ್ ಕಾರುಗಳಿಗೆ ಇದರಲ್ಲಿ ಶೇ. 15ರಷ್ಟು ರಿಯಾಯಿತಿಯಿದೆ. ಶಾಲಾ ಬಸ್ಸುಗಳಿಗೂ ಶೇ. 15ರ ರಿಯಾಯಿತಿ ಇರುವುದನ್ನು ಶಾಲಾ ಆಡಳಿತ ಮಂಡಳಿಗಳು ಗಮನಿಸಬೇಕು. ಈ ಮೊತ್ತಗಳ ಮೇಲೆ ಶೇ. 18ರಷ್ಟು ಜಿಎಸ್‌ಟಿ ಪ್ರತ್ಯೇಕ. ದರಪಟ್ಟಿಯನ್ನು ಸರ್ಕಾರ ಆಗಾಗ ಪರಿಷ್ಕರಿಸುವುದರಿಂದ ನವೀಕರಿಸುವ ದಿನ ಜಾರಿಯಲ್ಲಿರುವ ದರವನ್ನೇ ನೋಡಿಕೊಳ್ಳಬೇಕು.

ಇದರಿಂದ ಹೊರಡುವ ತೀರ್ಮಾನ ಸರಳ: ಥರ್ಡ್ ಪಾರ್ಟಿ ಭಾಗದಲ್ಲಿ ‘ಕಡಿಮೆಗೆ ಮಾಡಿಸಿಕೊಡುತ್ತೇನೆ’ ಎನ್ನುವವರ ಮಾತು ನಂಬತಕ್ಕದ್ದಲ್ಲ. ಅಂಥ ಪತ್ರ ನಕಲಿಯಾಗಿರುವ ಸಾಧ್ಯತೆ ಹೆಚ್ಚು.

ಸ್ವಂತ ಹಾನಿಯ ಭಾಗದ ದರವನ್ನು 2007ರಿಂದ ಕಂಪನಿಗಳೇ ತೀರ್ಮಾನಿಸುತ್ತಿವೆ. ಉಳಿತಾಯಕ್ಕೆ ಅವಕಾಶವಿರುವುದು ಇಲ್ಲಿ ಮಾತ್ರ. ಕಾರಿನ ಬೆಲೆ, ವಯಸ್ಸು, ಎಂಜಿನ್ನಿನ ಗಾತ್ರ, ನೋಂದಣಿಯ ಸ್ಥಳ, ಹಿಂದಿನ ಕ್ಲೈಮುಗಳು ಇದನ್ನು ನಿರ್ಧರಿಸುತ್ತವೆ. ನೋಂದಣಿಯ ಸ್ಥಳದಲ್ಲಿ ಎರಡು ವಲಯಗಳಿವೆ: ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬೈ, ಪುಣೆ, ಅಹಮದಾಬಾದ್, ಕೋಲ್ಕತ್ತ, ದೆಹಲಿ ‘ಎ’ ವಲಯ, ನೀಲಗಿರಿಯೂ ಸೇರಿ ಉಳಿದ ಊರುಗಳೆಲ್ಲ ‘ಬಿ’ ವಲಯ. ‘ಬಿ’ ವಲಯದ ದರ ತುಸು ಕಡಿಮೆ.

ಒಂದು ಕಲ್ಪಿತ ಲೆಕ್ಕ ನೋಡೋಣ. 1197 ಸಿಸಿಯ ಕಾರು. ಸ್ವಂತ ಹಾನಿಯ ಪ್ರೀಮಿಯಂ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂರು ವರ್ಷ ಕ್ಲೈಮ್ ಮಾಡಿಲ್ಲವಾದ್ದರಿಂದ ಶೇ. 35 ಬೋನಸ್ ಕಳೆದು 3,900. ಥರ್ಡ್ ಪಾರ್ಟಿ 3,416. ಕೂಡಿದರೆ 7,316, ಜಿಎಸ್‌ಟಿ 1,317, ಒಟ್ಟು 8,633 ರೂಪಾಯಿ. ಥರ್ಡ್ ಪಾರ್ಟಿ ಮಾತ್ರವಾದರೆ ಜಿಎಸ್‌ಟಿ ಸೇರಿ 4,031. ಎರಡರ ಅಂತರ ವರ್ಷಕ್ಕೆ 4,602 ರೂಪಾಯಿ, ತಿಂಗಳಿಗೆ ನಾನೂರಕ್ಕೂ ಕಡಿಮೆ. ಕಾರಿನೊಳಗಿನ ಮಕ್ಕಳಿಗೂ ಕಾರಿಗೂ ದೊರೆಯುವ ರಕ್ಷಣೆಯ ಬೆಲೆ ಇದು.

ನೋ ಕ್ಲೈಮ್ ಬೋನಸ್: ಕಳೆದುಕೊಳ್ಳಬಾರದ ಗಳಿಕೆ

ಕ್ಲೈಮ್ ಮಾಡದ ಪ್ರತಿ ವರ್ಷಕ್ಕೂ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಕ್ರಮವಾಗಿ ಶೇ. 20, 25, 35, 45 ಮತ್ತು ಐದು ವರ್ಷಕ್ಕೆ ಶೇ. 50 ರಿಯಾಯಿತಿ ದೊರೆಯುತ್ತದೆ. ಒಂದು ಕ್ಲೈಮ್ ಮಾಡಿದರೆ ಅದು ಸೊನ್ನೆಗೆ ಇಳಿಯುತ್ತದೆ. ಪಾಲಿಸಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೂ ಹೋಗುತ್ತದೆ. ಈ ಬೋನಸ್ ಮಾಲೀಕರದು, ಕಾರಿನದಲ್ಲ. ಕಾರು ಮಾರುವಾಗ ಕಂಪನಿಯಿಂದ ಬೋನಸ್ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಬೇರೆ ಕಾರಿಗೆ ಬಳಸಬಹುದು. ಕಂಪನಿ ಬದಲಾಯಿಸಿದರೂ ಬೋನಸ್ ಜೊತೆಗೇ ಬರುತ್ತದೆ.

ಸಣ್ಣ ಕ್ಲೈಮಿನ ಲೆಕ್ಕವನ್ನೂ ಮಾಡೋಣ. ತಿರುವಿನಲ್ಲಿ ಬಂಪರ್ ಒಡೆಯಿತು: ಪ್ಲಾಸ್ಟಿಕ್ ಬಂಪರಿಗೆ 4,000, ಕೂಲಿ 1,000. ಪ್ಲಾಸ್ಟಿಕ್, ರಬ್ಬರ್, ಟಯರ್, ಬ್ಯಾಟರಿಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ, ಉಳಿದದ್ದು 2,000. ಕೂಲಿ ಸೇರಿ 3,000. ಮೊದಲ 1,000 ರೂಪಾಯಿಯನ್ನು ನಾವೇ ಭರಿಸಬೇಕೆಂಬ ಕಡ್ಡಾಯ ಕಡಿತವಿದೆ. 1500 ಸಿಸಿ ಮೀರಿದ ಕಾರಿಗೆ ಅದು 2,000. ಕೈಗೆ ಬರುವುದು 2,000 ರೂಪಾಯಿ. ಮೇಲಿನ ಕಾರಿನಲ್ಲಿ ಮುಂದಿನ ವರ್ಷ ದೊರೆಯಬೇಕಿದ್ದ ಶೇ. 45 ಬೋನಸ್, ಎಂದರೆ ಸುಮಾರು 2,700 ರೂಪಾಯಿ, ಕಳೆದುಹೋಗುತ್ತದೆ. ಸಣ್ಣ ಗೀರು, ತಗ್ಗುಗಳಿಗೆ ಕೈಯಿಂದಲೇ ಖರ್ಚು ಮಾಡಿ, ದೊಡ್ಡ ಹಾನಿಗೆ ವಿಮೆಯನ್ನು ಕಾದಿರಿಸುವುದು ಲಾಭ.

ಹಿಂದಿನ ವರ್ಷ ಕ್ಲೈಮ್ ಮಾಡಿದ್ದರೂ ‘ಮಾಡಿಲ್ಲ’ ಎಂದು ಬರೆಸಿ ಬೋನಸ್ ಪಡೆಯುವ ಚಾಳಿ ಕೆಲವರಲ್ಲಿದೆ. ಮುಂದಿನ ಕ್ಲೈಮಿನ ಹೊತ್ತಿಗೆ ಹಿಂದಿನ ಕಂಪನಿಯ ದಾಖಲೆ ಹೊರಬಂದು ಹಣ ಕೈತಪ್ಪುತ್ತದೆ. ಅರ್ಜಿಯನ್ನು ಏಜೆಂಟರು ತುಂಬಿದರೂ ಸಹಿ ನಮ್ಮದು, ಹೊಣೆಯೂ ನಮ್ಮದು.

ಕಾರಿನ ಬೆಲೆ ಎಷ್ಟೆಂದು ಬರೆಸಬೇಕು?

ಪಾಲಿಸಿಯಲ್ಲಿ ‘ಐಡಿವಿ’ ಎಂಬ ಮೊತ್ತ ಇರುತ್ತದೆ. ಕಾರು ಕಳವಾದರೆ ಅಥವಾ ಪೂರ್ತಿ ನಾಶವಾದರೆ ದೊರೆಯುವ ಗರಿಷ್ಠ ಹಣ ಅದು. ಕಂಪನಿಯ ಮಾರಾಟ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ: ಆರು ತಿಂಗಳವರೆಗೆ ಶೇ. 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ವರ್ಷ ಮೀರಿದ ಕಾರಿಗೆ ಕಂಪನಿಯೂ ಮಾಲೀಕರೂ ಒಪ್ಪಿ ಬೆಲೆ ನಿಗದಿಪಡಿಸುತ್ತಾರೆ.

ಅಗ್ಗದ ಪ್ರೀಮಿಯಂ ತೋರಿಸಲು ಕೆಲವರು ಈ ಮೊತ್ತವನ್ನೇ ತಗ್ಗಿಸಿ ಬರೆಯುತ್ತಾರೆ. ಮೂರು ಲಕ್ಷ ಬಾಳುವ ಕಾರಿಗೆ ಎರಡು ಲಕ್ಷ ಬರೆದರೆ ಕೆಲವು ನೂರು ರೂಪಾಯಿ ಉಳಿಯಬಹುದು. ಕಾರು ಕಳೆದುಹೋದ ದಿನ ಒಂದು ಲಕ್ಷ ಕಡಿಮೆ ಬರುತ್ತದೆ. ಎರಡು ಕಂಪನಿಗಳ ದರವನ್ನು ಹೋಲಿಸುವಾಗ ಎರಡರಲ್ಲೂ ಐಡಿವಿ ಸಮನಾಗಿದೆಯೇ ಎಂದು ಮೊದಲು ನೋಡಬೇಕು. ದುರಸ್ತಿಯ ಖರ್ಚು ಐಡಿವಿಯ ಶೇ. 75 ಮೀರಿದರೆ ಕಾರು ಪೂರ್ತಿ ನಾಶವಾಯಿತೆಂದು ಪರಿಗಣಿಸುತ್ತಾರೆ.

ಪ್ರೀಮಿಯಂ ಇಳಿಸುವ ನ್ಯಾಯವಾದ ದಾರಿಗಳು

ಕನಿಷ್ಠ ಮೂರು ಕಡೆ ದರ ಕೇಳಬೇಕು. ನ್ಯೂ ಇಂಡಿಯಾ, ನ್ಯಾಷನಲ್, ಓರಿಯೆಂಟಲ್ ಮತ್ತು ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳಲ್ಲಿ ಒಂದು, ಖಾಸಗಿಯಲ್ಲಿ ಎರಡು ಎಂದಿಟ್ಟುಕೊಳ್ಳಬಹುದು. ಹೊಸ ಕಾರಿನ ಶೋರೂಮಿನವರು ಹೇಳಿದ ಕಂಪನಿಯಲ್ಲೇ ವಿಮೆ ಮಾಡಿಸಬೇಕೆಂಬ ಕಟ್ಟಳೆಯಿಲ್ಲ.

ಸೇರ್ಪಡೆಗಳನ್ನು ಅಗತ್ಯಕ್ಕೆ ತಕ್ಕಂತೆ ಆರಿಸಬೇಕು. ಹೊಸ ಕಾರಿಗೆ ಮೊದಲ ಕೆಲವು ವರ್ಷ ‘ಝೀರೋ ಡಿಪ್ರಿಸಿಯೇಷನ್’ ಉಪಯುಕ್ತ. ಬಿಡಿಭಾಗಗಳ ಸವಕಳಿಯನ್ನು ಕಳೆಯದೆ ಹಣ ಕೊಡುತ್ತಾರೆ. ಬೆಟ್ಟದ ದಾರಿಯಲ್ಲಿ ಓಡಾಡುವವರಿಗೆ ರಸ್ತೆಬದಿಯ ನೆರವು ಬೇಕಾದೀತು. ಆದರೆ ಎಳೆದೊಯ್ಯುವ ಸೇವೆ ಎಷ್ಟು ಕಿಲೋಮೀಟರಿನವರೆಗೆ, ಮಸಿನಗುಡಿ, ಗೂಡಲೂರಿಗೆ ಬರುತ್ತಾರೆಯೇ ಎಂದು ಕೇಳಿಯೇ ಕೊಳ್ಳಬೇಕು. ಹತ್ತಿರದ ಕ್ಯಾಶ್‌ಲೆಸ್ ಗ್ಯಾರೇಜ್ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಅದು ಕೊಯಮತ್ತೂರಿನಲ್ಲೋ ಮೈಸೂರಿನಲ್ಲೋ ಇದ್ದರೆ ಅಗ್ಗದ ಪಾಲಿಸಿ ದುಬಾರಿಯಾಗುತ್ತದೆ. ಕೀಲಿ ಕಳೆದರೆ, ಸಾಮಾನು ಕಳವಾದರೆ ಎಂಬ ಸೇರ್ಪಡೆಗಳನ್ನು ಬಹುತೇಕರು ಬಿಡಬಹುದು.

ಕಾರನ್ನು ಅಪರೂಪಕ್ಕೆ ಹೊರತೆಗೆಯುವವರು ಓಡಿದಷ್ಟಕ್ಕೆ ಕಟ್ಟುವ ಸೇರ್ಪಡೆಯನ್ನು ವಿಚಾರಿಸಬಹುದು; 2022ರ ಜುಲೈಯಿಂದ ಇದಕ್ಕೆ ಅನುಮತಿಯಿದೆ. ಸ್ವಯಂಪ್ರೇರಿತ ಕಡಿತವನ್ನು ಒಪ್ಪಿದರೂ ಪ್ರೀಮಿಯಂ ಇಳಿಯುತ್ತದೆ. ಆದರೆ ಅಷ್ಟು ಹಣವನ್ನು ಆಪತ್ತಿನಲ್ಲಿ ಹೊಂದಿಸಬಲ್ಲವರು ಮಾತ್ರ ಹಾಗೆ ಮಾಡಬೇಕು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಪಾಲಿಸಿಯನ್ನು ಮುರಿಯಗೊಡದಿರುವುದು. ಮುಗಿಯುವ ಹದಿನೈದು ದಿನ ಮೊದಲೇ ನವೀಕರಿಸಬೇಕು. ಸಮಗ್ರ ಪಾಲಿಸಿ ಮುರಿದರೆ ಹೊಸದಾಗಿ ಕಾರಿನ ತಪಾಸಣೆಯಾಗಬೇಕಾಗುತ್ತದೆ; ನಡುವೆ ಆದ ಅಪಘಾತಕ್ಕೆ ಯಾರೂ ಹೊಣೆಯಲ್ಲ.

ಗಡಿ ದಾಟಿದ ಕಾರು

ನಮ್ಮವರಲ್ಲಿ ಅನೇಕರು ಬೆಂಗಳೂರು, ಮೈಸೂರುಗಳಿಂದ ಸೆಕೆಂಡ್ ಹ್ಯಾಂಡ್ ಕಾರು ತರುತ್ತಾರೆ. ಕೊಂಡ 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಕಂಪನಿಗೆ ಬರೆಯಬೇಕು. ಥರ್ಡ್ ಪಾರ್ಟಿ ಭಾಗ ಮಾರಾಟದೊಂದಿಗೆ ತಾನಾಗಿ ವರ್ಗವಾಯಿತೆಂದು ಕಾನೂನು ಭಾವಿಸುತ್ತದೆ. ಸ್ವಂತ ಹಾನಿಯ ಭಾಗ ಹಾಗಲ್ಲ. ಹೆಸರು ಬದಲಾಗದ ಪಾಲಿಸಿಯಲ್ಲಿ ಹೊಸ ಮಾಲೀಕರು ಕ್ಲೈಮ್ ಮಾಡಿದರೆ ತಿರಸ್ಕಾರವಾಗುವ ಸಂಭವವೇ ಹೆಚ್ಚು. ಹಳೆಯ ಮಾಲೀಕರ ಬೋನಸ್ ನಮಗೆ ಬರುವುದಿಲ್ಲ.

ವಿಮೆ ಇಡೀ ಭಾರತಕ್ಕೆ ಸಲ್ಲುತ್ತದೆ. ಕೆಎ ಸಂಖ್ಯೆಯ ಕಾರು ಗೂಡಲೂರಿನಲ್ಲಿ ಅಪಘಾತಕ್ಕೀಡಾದರೂ ಪಾಲಿಸಿ ಸಿಂಧು. ಆದರೆ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಳ್ಳುವ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕೆಂಬುದು ಮೋಟಾರು ವಾಹನ ಕಾಯಿದೆಯ ನಿಯಮ. ಸಂಖ್ಯೆ ಬದಲಾದಾಗ ಪಾಲಿಸಿಯಲ್ಲೂ ಅದನ್ನು ತಿದ್ದಿಸಬೇಕು. ಎಂಜಿನ್ ಮತ್ತು ಚಾಸಿಸ್ ಸಂಖ್ಯೆ ಆರ್.ಸಿ.ಯೊಂದಿಗೆ ಅಕ್ಷರಶಃ ತಾಳೆಯಾಗಬೇಕು. ಪಾಲಿಸಿ ನಿಜವಾದದ್ದೇ ಎಂದು ಅದರ ಮೇಲಿನ ಕ್ಯೂಆರ್ ಕೋಡ್ ಮತ್ತು ಎಂಪರಿವಾಹನ್ ಆ್ಯಪಿನಲ್ಲಿ ಪರಿಶೀಲಿಸಬಹುದು.

ಅಪಘಾತವಾದರೆ

ಮೊದಲು ಗಾಯಾಳುಗಳ ಪ್ರಾಣ. 108ಕ್ಕೆ ಕರೆ ಮಾಡಬೇಕು. ತಮಿಳುನಾಡಿನಲ್ಲಿ 2021ರ ಡಿಸೆಂಬರಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳ ತುರ್ತು ಚಿಕಿತ್ಸೆಯನ್ನು ನಿಗದಿತ ಆಸ್ಪತ್ರೆಗಳಲ್ಲಿ ಸರ್ಕಾರವೇ ಭರಿಸುವ ಯೋಜನೆಯಿದೆ. ಅದು ರಾಜ್ಯದ ಗಡಿಯೊಳಗೆ ಗಾಯಗೊಂಡವರಿಗೆಲ್ಲ, ಹೊರ ರಾಜ್ಯದವರಿಗೂ ಅನ್ವಯಿಸುತ್ತದೆ.

ಅನಂತರ ಕಾರನ್ನು ಸರಿಸುವ ಮೊದಲು ಸಾಧ್ಯವಾದರೆ ಫೋಟೋ ತೆಗೆಯಬೇಕು. ಗಾಯ, ಸಾವು, ಕಳವು ಅಥವಾ ಇತರರ ಸ್ವತ್ತಿಗೆ ಹಾನಿಯಾಗಿದ್ದರೆ ಪೊಲೀಸ್ ದೂರು ಅಗತ್ಯ. ವಿಮಾ ಕಂಪನಿಗೆ ತಡವಿಲ್ಲದೆ ತಿಳಿಸಿ ಕ್ಲೈಮ್ ಸಂಖ್ಯೆ ಬರೆದುಕೊಳ್ಳಬೇಕು. ಸರ್ವೇಯರ್ ನೋಡುವ ಮೊದಲು ದುರಸ್ತಿ ಆರಂಭಿಸಬಾರದು. ಎದುರಿನವರೊಂದಿಗೆ ‘ತಪ್ಪು ನಮ್ಮದೇ, ಇಷ್ಟು ಕೊಡುತ್ತೇವೆ’ ಎಂದು ಬರೆದುಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ. 2024ರ ಜೂನ್‌ನ ನಿಯಮಗಳಂತೆ ವರದಿಯಾದ 24 ಗಂಟೆಗಳೊಳಗೆ ಸರ್ವೇಯರ್ ನೇಮಕವಾಗಬೇಕು; 15 ದಿನಗಳಲ್ಲಿ ವರದಿ ಬರಬೇಕು; ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು.

ಇತರರ ವಾಹನದಿಂದ ನಮ್ಮವರಿಗೆ ಗಾಯವಾದರೆ ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಸಲ್ಲಿಸುವುದು ಕ್ಷೇಮ. ಡಿಕ್ಕಿ ಹೊಡೆದು ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸರ್ಕಾರಿ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರವಿದೆ.

ಕಂಪನಿ ಕೇಳದಿದ್ದರೆ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಯಲ್ಲಿ, ಅಥವಾ 155255 ಮತ್ತು 1800 4254 732 ಎಂಬ ಉಚಿತ ಸಂಖ್ಯೆಗಳಲ್ಲಿ ದೂರು ದಾಖಲಿಸಬಹುದು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಿಗೆ ಅರ್ಜಿ ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿಯವರೆಗಿನ ವ್ಯಾಜ್ಯಗಳನ್ನು ಅವರು ನೋಡುತ್ತಾರೆ. ತಮಿಳುನಾಡಿಗೆ ಚೆನ್ನೈಯಲ್ಲಿ, ಕರ್ನಾಟಕಕ್ಕೆ ಬೆಂಗಳೂರಿನಲ್ಲಿ, ಕೇರಳಕ್ಕೆ ಕೊಚ್ಚಿಯಲ್ಲಿ ಕಚೇರಿಗಳಿವೆ. ದೂರುದಾರರು ವಾಸಿಸುವ ಸ್ಥಳದ ಕಚೇರಿಗಾಗಲಿ ಪಾಲಿಸಿ ಕೊಟ್ಟ ಶಾಖೆಯ ವ್ಯಾಪ್ತಿಯ ಕಚೇರಿಗಾಗಲಿ ಅರ್ಜಿ ಸಲ್ಲಿಸಬಹುದು. ಗುಂಡ್ಲುಪೇಟೆಯಲ್ಲೋ ಮೈಸೂರಿನಲ್ಲೋ ಪಾಲಿಸಿ ಮಾಡಿಸಿ ಮಸಿನಗುಡಿಯಲ್ಲಿ ವಾಸಿಸುವವರು ಬೆಂಗಳೂರಿನ ಕಚೇರಿಯನ್ನೂ ಆರಿಸಿಕೊಳ್ಳಬಹುದೆಂಬುದು ಇದರ ಅರ್ಥ.

ಭಾಷೆಯ ಬಗ್ಗೆ ಒಂದು ಮಾತು. ತಿಳಿಯದ ಭಾಷೆಯ ಅರ್ಜಿಗೆ ಸಹಿ ಮಾಡುವ ಮುನ್ನ ‘ನನಗೆ ಕನ್ನಡದಲ್ಲಿ ವಿವರಿಸಿ’ ಎಂದು ಕೇಳುವುದು ಗ್ರಾಹಕರ ಹಕ್ಕೇ ಹೊರತು ದಾಕ್ಷಿಣ್ಯದ ಬೇಡಿಕೆಯಲ್ಲ. ಅದು ದೊರೆಯದಿದ್ದರೆ ಪಾಲಿಸಿಯನ್ನು ಶಾಲೆಗೆ ತನ್ನಿ. ಪಾಠದ ನಂತರ ಕುಳಿತು ಓದಿಹೇಳುವುದು ಶಿಕ್ಷಕರಾದ ನಮಗೆ ಹೊರೆಯಲ್ಲ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳೂ ಶೇಕಡಾವಾರು ಲೆಕ್ಕವನ್ನು ಇದರಿಂದಲೇ ಕಲಿಯಬಹುದು.

ಈ ಸಂಜೆ ಮಾಡಬೇಕಾದದ್ದು

ಕಾರಿನ ಪೆಟ್ಟಿಗೆಯಿಂದ ಪಾಲಿಸಿಯನ್ನು ಹೊರತೆಗೆದು ಆರು ಸಂಗತಿಗಳನ್ನು ನೋಡಿ. ಪಾಲಿಸಿಯ ಬಗೆ ಯಾವುದು? ಮುಕ್ತಾಯದ ದಿನಾಂಕ, ಎರಡಿದ್ದರೆ ಎರಡೂ, ಯಾವುವು? ಹೆಸರು, ನೋಂದಣಿ ಸಂಖ್ಯೆ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ ಆರ್.ಸಿ.ಯೊಂದಿಗೆ ಕೂಡುತ್ತವೆಯೇ? ಐಡಿವಿ ಕಾರಿನ ಬೆಲೆಗೆ ಹತ್ತಿರವಿದೆಯೇ? ಬೋನಸ್ ಸರಿಯಾಗಿ ಬರೆದಿದ್ದಾರೆಯೇ? ಮಾಲೀಕ-ಚಾಲಕರ ಅಪಘಾತ ವಿಮೆಯಲ್ಲಿ ನಾಮಿನಿಯ ಹೆಸರಿದೆಯೇ?

ಸಭೆಯಲ್ಲಿ ನಾವು ಕಂಡ ಆ ತಂದೆ ಮರುವಾರ ಸಮಗ್ರ ಪಾಲಿಸಿ ಮಾಡಿಸಿದರು. ಕಾರು ಅದೇ, ಮಕ್ಕಳು ಅವರೇ, ಮೂವತ್ತಾರು ತಿರುವುಗಳೂ ಅವೇ. ಈಗ ಅವರು ಎರಡನೆಯ ಗೇರಿನಲ್ಲಿ ನಿಧಾನವಾಗಿ ಇಳಿಯುತ್ತಾರೆ. ಮೇಲಿನ ಊರಿನ ಪಾಲಕರಿಗೆ ತಮ್ಮ ಪಾಲಿಸಿಯ ನಕಲನ್ನೂ ತೋರಿಸುತ್ತಾರೆ.